ಪಗಾರ ಚೀಟಿಯ ಇನ್ನೂರು ರೂಪಾಯಿ

ಫೆಬ್ರವರಿಯ ಪಗಾರ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹನ್ನೊಂದು ತಿಂಗಳು ‘ಪಿ.ಟಿ. 200’, ಅಂದರೆ ವೃತ್ತಿ ತೆರಿಗೆ 200, ಎಂದು ಬರುತ್ತಿದ್ದ ಸಾಲು ಆ ತಿಂಗಳು ಮಾತ್ರ ‘ಪಿ.ಟಿ. 300’ ಎಂದಿರುತ್ತದೆ. ನೂರು ರೂಪಾಯಿ ಎಲ್ಲಿ ಹೋಯಿತು ಎಂದು ಕೇಳುವವರು ಹೆಚ್ಚಿನವರು ಹೋಟೆಲಿನ ಹುಡುಗರು. ಉಳಿದ ಹನ್ನೊಂದು ತಿಂಗಳು ಪಗಾರ ಚೀಟಿಯನ್ನು ಬಿಡಿಸಿಯೂ ನೋಡದವರು ಆ ಒಂದು ತಿಂಗಳು ಪ್ರತಿ ಸಾಲನ್ನೂ ಓದುತ್ತಾರೆ. ಮುಂಬಯಿಯ ಮುಲುಂಡ್ ಪಶ್ಚಿಮದ ಒಂದು ಕೋಣೆಯಲ್ಲಿ ಕುಳಿತು ಹೋಟೆಲು, ಔಷಧದ ಅಂಗಡಿ, ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವ ನನಗೆ ವರ್ಷದ ಅತ್ಯಂತ ಉಪಯೋಗದ ತಿಂಗಳು ಅದೇ. ಎಷ್ಟೋ ಹಳೆಯ ತಪ್ಪುಗಳು ಸಿಕ್ಕಿಬೀಳುವುದು ಆಗ.

ಹಾಗೆ ಒಂದು ಫೆಬ್ರವರಿ ಕೊನೆಯಲ್ಲಿ ಕರೆ ಮಾಡಿದವನು ಎಲ್‌ಬಿಎಸ್ ರಸ್ತೆ ಕಡೆಯ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದ ಹುಡುಗ. ಅದೇ ಧಣಿ ಉಡುಪಿಯಲ್ಲಿ ಇನ್ನೊಂದು ಹೋಟೆಲು ತೆರೆದಾಗ, ನಂಬಿಕೆಯ ಜನ ಬೇಕೆಂದು ಇವನನ್ನು ಜೂನ್ ಒಂದರಿಂದ ಅಲ್ಲಿಗೆ ಕಳಿಸಿದ್ದರು. ಪಗಾರ 18,500 ರೂಪಾಯಿ.

“ಅಣ್ಣಾ, ನಾನೀಗ ಉಡುಪಿಯಲ್ಲಿ ಇರುವುದಲ್ವಾ? ಮತ್ತೆ ಈ ಮುಂಬಯಿಯದ್ದು ಎಂತಕ್ಕೆ ಕಟ್ ಆಗುವುದು?”

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವನು ಕೇಳಿದ್ದು ನೂರು ರೂಪಾಯಿಯ ಬಗ್ಗೆ ಅಲ್ಲ, ಇಡೀ ಸಾಲಿನ ಬಗ್ಗೆ. ಅವನ ಪ್ರಶ್ನೆ ಸರಿಯಾಗಿತ್ತು. ಉಡುಪಿಗೆ ಹೋದ ಮೇಲೂ ಮಹಾರಾಷ್ಟ್ರದ ವೃತ್ತಿ ತೆರಿಗೆ ಎಂಟು ತಿಂಗಳು 200ರಂತೆ, ಒಂದು ತಿಂಗಳು 300, ಒಟ್ಟು 1,900 ರೂಪಾಯಿ ಅವನ ಪಗಾರದಿಂದ ಹೋಗಿತ್ತು. ಮಹಾರಾಷ್ಟ್ರದಲ್ಲಿ ತಿಂಗಳಿಗೆ 10,000 ದಾಟಿದ ಗಂಡಸು ಈ ತೆರಿಗೆ ಕೊಡಬೇಕು. ಕರ್ನಾಟಕದಲ್ಲಿ 2023ರ ಏಪ್ರಿಲಿನಿಂದ 25,000 ರೂಪಾಯಿಗಿಂತ ಕಡಿಮೆ ಪಗಾರದವರು ಏನೂ ಕೊಡಬೇಕಾಗಿಲ್ಲ. ಅಂದರೆ ಜೂನ್ ನಂತರ ಅವನು ಯಾವ ರಾಜ್ಯಕ್ಕೂ ಒಂದು ರೂಪಾಯಿ ಬಾಕಿ ಇರಲಿಲ್ಲ. 18,500ರಲ್ಲಿ ಊರಿನ ಮನೆ, ತಂಗಿಯ ಕಾಲೇಜು, ತನ್ನ ಊಟ ಬಟ್ಟೆ ನೋಡುವವನಿಗೆ 1,900 ಎಂದರೆ ಒಂದು ತಿಂಗಳ ರೇಶನ್ನಿನ ದೊಡ್ಡ ಪಾಲು.

ಮುಂಬಯಿ ಕನ್ನಡಿಗರ ಬದುಕು ಮೊದಲಿನಿಂದಲೂ ಎರಡು ರಾಜ್ಯಗಳಲ್ಲಿ ಹರಡಿಕೊಂಡದ್ದು. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಲೆಕ್ಕಿಗರು, ಬ್ಯಾಂಕಿನವರು, ವಕೀಲರಾದರು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ತಮ್ಮ ಅಧಿಕಾರಿಗಳನ್ನು ಮೂರು ವರ್ಷ ಇಲ್ಲಿ, ಮೂರು ವರ್ಷ ಅಲ್ಲಿ ಎಂದು ವರ್ಗ ಮಾಡುತ್ತಲೇ ಬಂದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಠಾಣೆಯಲ್ಲಿ ಸಂಜೆ ಹತ್ತಿದರೆ ಬೆಳಗ್ಗೆ ಊರು. ಈಗ ಹೊಸ ತಲೆಮಾರಿನಲ್ಲಿ ಬೆಂಗಳೂರಿನ ಕಂಪನಿಗೆ ಮುಲುಂಡಿನ ಮನೆಯಿಂದಲೇ ಕೆಲಸ ಮಾಡುವವರಿದ್ದಾರೆ. ಇಷ್ಟೆಲ್ಲ ಓಡಾಟವಿದ್ದರೂ ಪಗಾರ ಮಾಡುವ ಕಂಪ್ಯೂಟರಿನಲ್ಲಿ ಒಬ್ಬ ಮನುಷ್ಯನಿಗೆ ಇರುವುದು ಒಂದೇ ರಾಜ್ಯ. ಆ ಒಂದು ಕಾಲಮನ್ನು ಯಾರಾದರೂ ಬದಲಾಯಿಸುವವರೆಗೆ ಅದು ಹಳೆಯ ರಾಜ್ಯಕ್ಕೇ ಕಡಿಯುತ್ತಾ ಹೋಗುತ್ತದೆ.

ಈ 200 ರೂಪಾಯಿಗೆ ಸಂವಿಧಾನದ ಬೇರಿದೆ. ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು. ಆದರೆ ವೃತ್ತಿ, ವ್ಯಾಪಾರ, ಕಸುಬು, ನೌಕರಿಗಳ ಮೇಲೆ ಸಣ್ಣದೊಂದು ತೆರಿಗೆ ಹಾಕಲು 276ನೇ ವಿಧಿ ರಾಜ್ಯಗಳಿಗೂ ಅವುಗಳ ಸ್ಥಳೀಯ ಸಂಸ್ಥೆಗಳಿಗೂ ಅವಕಾಶ ಕೊಟ್ಟಿದೆ. ಸಂವಿಧಾನ ಜಾರಿಗೆ ಬಂದಾಗ ಅದರ ಮಿತಿ ಒಬ್ಬರಿಗೆ ವರ್ಷಕ್ಕೆ 250 ರೂಪಾಯಿ. 1988ರ 60ನೇ ತಿದ್ದುಪಡಿ ಅದನ್ನು 2,500ಕ್ಕೆ ಏರಿಸಿತು. ಹನ್ನೊಂದು ತಿಂಗಳು 200, ಒಂದು ತಿಂಗಳು 300 ಕೂಡಿಸಿದರೆ ಸರಿಯಾಗಿ 2,500. ಮಹಾರಾಷ್ಟ್ರದ ಫೆಬ್ರವರಿಯ ಗುಟ್ಟು ಇದು. ಕರ್ನಾಟಕ ಬಹುಕಾಲ ತಿಂಗಳಿಗೆ 200ರಲ್ಲೇ, ಅಂದರೆ ವರ್ಷಕ್ಕೆ 2,400ರಲ್ಲೇ ನಿಂತಿತ್ತು. 2025ರ ಏಪ್ರಿಲಿನಿಂದ ಅದೂ ಫೆಬ್ರವರಿಗೆ 300 ಮಾಡಿಕೊಂಡಿದೆ. ದಿಲ್ಲಿ, ಹರಿಯಾಣ, ರಾಜಸ್ಥಾನಗಳಲ್ಲಿ ಈ ತೆರಿಗೆಯೇ ಇಲ್ಲ. ಕೇರಳದಲ್ಲಿ ಪಂಚಾಯಿತಿ, ನಗರಸಭೆಗಳು ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ.

ಮಹಾರಾಷ್ಟ್ರದ ಕಾಯ್ದೆಯ ಹಿಂದೆ ಒಂದು ಕಥೆಯಿದೆ. ಅದನ್ನು ಕೇಳಿದ ಮೇಲೆ ಈ ಕಡಿತದ ಮೇಲಿನ ನನ್ನ ಸಿಟ್ಟು ಇಳಿದಿತ್ತು. 1972–73ರ ಬರದಲ್ಲಿ ಮರಾಠವಾಡ, ಪಶ್ಚಿಮ ಮಹಾರಾಷ್ಟ್ರದ ಹಳ್ಳಿಗಳು ಬತ್ತಿಹೋದಾಗ ಲಕ್ಷಗಟ್ಟಲೆ ಜನ ರಸ್ತೆ, ಕೆರೆ, ಬಾಂದುಗಳ ಕೆಲಸಕ್ಕೆ ನಿಂತರು. ಸಾಂಗ್ಲಿ ಕಡೆಯ ಗಾಂಧಿವಾದಿ, ರಾಜ್ಯದ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಸ. ಪಾಗೆ ಅವರು ಕೆಲಸ ಕೇಳಿದವನಿಗೆ ಕೆಲಸ ಕೊಡುವುದು ಸರ್ಕಾರದ ಕರ್ತವ್ಯವಾಗಬೇಕು ಎಂದು ವಾದಿಸಿ ಉದ್ಯೋಗ ಖಾತರಿ ಯೋಜನೆಗೆ ರೂಪ ಕೊಟ್ಟರು. ಅದಕ್ಕೆ ಹಣ ಎಲ್ಲಿಂದ? ಪಟ್ಟಣದಲ್ಲಿ ಪಗಾರ ಸಿಗುವವರಿಂದ. 1975ರ ವೃತ್ತಿ ತೆರಿಗೆ ಕಾಯ್ದೆ ಬಂದದ್ದು ಹಾಗೆ. 1977ರ ಉದ್ಯೋಗ ಖಾತರಿ ಕಾಯ್ದೆ ಆ ಹಣಕ್ಕೆ ಪ್ರತ್ಯೇಕ ನಿಧಿಯನ್ನೇ ಮಾಡಿತು. ಇಡೀ ದೇಶಕ್ಕೆ 2005ರಲ್ಲಿ ಬಂದ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಮಾದರಿ. ಕರ್ನಾಟಕ ತನ್ನ ವೃತ್ತಿ ತೆರಿಗೆ ಕಾಯ್ದೆಯನ್ನು 1976ರಲ್ಲಿ ಮಾಡಿಕೊಂಡಿತು.

ಹಾಗಾಗಿ ಈ ಹಣ ಯಾವ ರಾಜ್ಯದ ಖಜಾನೆಗೆ ಹೋಗುತ್ತದೆ ಎಂಬುದು ನನಗೆ ಬರೀ ಕಾಗದದ ಪ್ರಶ್ನೆಯಲ್ಲ. ಮನುಷ್ಯ ಎಲ್ಲಿ ನಿಂತು ದುಡಿಯುತ್ತಾನೋ ಅಲ್ಲಿನ ರಸ್ತೆ ತುಳಿಯುತ್ತಾನೆ, ಅಲ್ಲಿನ ನೀರು ಕುಡಿಯುತ್ತಾನೆ. ಅಲ್ಲಿಯೇ ಆ ತೆರಿಗೆ ಸಲ್ಲಬೇಕು. ಎರಡೂ ರಾಜ್ಯಗಳ ಕಾಯ್ದೆ ಹೇಳುವುದೂ ಅದನ್ನೇ: ಆ ರಾಜ್ಯದಲ್ಲಿ ನೌಕರಿ ಮಾಡುವವನು ಆ ರಾಜ್ಯಕ್ಕೆ ಕೊಡಬೇಕು. ಮನೆ ಎಲ್ಲಿ, ಆಧಾರ್ ಕಾರ್ಡಿನಲ್ಲಿ ಯಾವ ಊರು, ಪಗಾರ ಯಾವ ಬ್ಯಾಂಕಿಗೆ ಬೀಳುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಮಂಜೇಶ್ವರದಲ್ಲಿ ಮನೆಯಿದ್ದು ತಲಪಾಡಿ ದಾಟಿ ದಿನವೂ ಮಂಗಳೂರಿನ ಕಚೇರಿಗೆ ಬರುವವರು ರಾತ್ರಿ ಮಲಗುವುದು ಕೇರಳದಲ್ಲಾದರೂ ಕರ್ನಾಟಕಕ್ಕೆ ವೃತ್ತಿ ತೆರಿಗೆ ಕೊಡಬೇಕು.

ಇಷ್ಟು ಸರಳವಾದದ್ದು ತಪ್ಪುವುದು ಹೇಗೆ? ಹೆಚ್ಚಿನ ಸಲ ಕೆಟ್ಟ ಬುದ್ಧಿಯಿಂದಲ್ಲ. ಹೊಸ ನೌಕರನ ಹೆಸರು ತುಂಬಿಸುವಾಗ ‘ಖಾಯಂ ವಿಳಾಸ’ ಮತ್ತು ‘ಕೆಲಸದ ಸ್ಥಳ’ ಪಕ್ಕಪಕ್ಕದಲ್ಲಿರುತ್ತವೆ. ಹಲವು ವರ್ಷಗಳ ಹಿಂದೆ ನಾನೇ ಒಂದು ಔಷಧದ ಅಂಗಡಿಯ ನಾಲ್ವರಿಗೆ ಆಧಾರ್ ನೋಡಿ ರಾಜ್ಯ ತುಂಬಿಸಿದ್ದೆ. ನಾಲ್ವರೂ ಮುಲುಂಡಿನ ಅಂಗಡಿಯಲ್ಲೇ ದುಡಿಯುವವರು. ಆಧಾರಿನ ರಾಜ್ಯ ಬೇರೆಯಾದ್ದರಿಂದ ಆರು ತಿಂಗಳು ಅವರ ಮಹಾರಾಷ್ಟ್ರದ ವೃತ್ತಿ ತೆರಿಗೆ ಕಡಿತವಾಗಲೇ ಇಲ್ಲ. ಗೊತ್ತಾದಾಗ ಅಂಗಡಿಯವರು ಬಾಕಿಯನ್ನೆಲ್ಲ ಒಂದೇ ತಿಂಗಳ ಪಗಾರದಿಂದ ಹಿಡಿಯೋಣ ಎಂದರು. ನಾನು ಒಪ್ಪಲಿಲ್ಲ. ಎರಡೂ ರಾಜ್ಯಗಳ ಕಾಯ್ದೆಯಲ್ಲಿ ಸ್ಪಷ್ಟವಾಗಿ ಒಂದು ಮಾತಿದೆ: ಪಗಾರ ಕೊಡುವಾಗ ಕಡಿದಿರಲಿ, ಬಿಟ್ಟಿರಲಿ, ನೌಕರನ ಪರವಾಗಿ ಆ ತೆರಿಗೆ ಕಟ್ಟುವ ಹೊಣೆ ಮಾಲೀಕನದೇ. ತಡವಾದದ್ದಕ್ಕೆ ಬಡ್ಡಿಯೂ ಅವನ ತಲೆಗೇ. ಕೊನೆಗೆ ಬಡ್ಡಿಯನ್ನು ನಾನು ಕೈಯಿಂದ ಕಟ್ಟಿದೆ, ತೆರಿಗೆಯನ್ನು ಅಂಗಡಿಯವರು ಭರಿಸಿದರು. ಆ ನಾಲ್ವರ ಪಗಾರಕ್ಕೆ ಕೈ ಹಾಕಲಿಲ್ಲ. ಅಂದಿನಿಂದ ಯಾರ ಹೆಸರು ತುಂಬಿಸಿದರೂ ‘ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತೀರಿ?’ ಎಂದು ಕೇಳಿಯೇ ರಾಜ್ಯ ಬರೆಯುತ್ತೇನೆ.

ಉಡುಪಿಯ ಹುಡುಗನ ವಿಷಯದಲ್ಲಿ ಮೊದಲು ಬೇಕಾದದ್ದು ದಿನಾಂಕ. ಅವನು ಯಾವತ್ತು ಹೋದ? ಧಣಿ ಬಾಯಿಮಾತಿನಲ್ಲಿ ಕಳಿಸಿದ್ದರು, ವರ್ಗದ ಪತ್ರ ಇರಲಿಲ್ಲ. ಉಡುಪಿ ಹೋಟೆಲಿನ ಹಾಜರಿ ಪುಸ್ತಕ ತರಿಸಿದೆವು. ಜೂನ್ ಒಂದರಿಂದ ಅವನ ಸಹಿ ಇತ್ತು. ಆ ಮೇಲೆ ಒಂದು ಪತ್ರ ಬರೆಸಿ, ಹಾಜರಿಯ ಪ್ರತಿ ಜೊತೆಗಿಟ್ಟೆವು. ಎರಡನೆಯ ಪ್ರಶ್ನೆ, ಉಡುಪಿಯ ಹೋಟೆಲು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಮಾಲೀಕನಾಗಿ ನೋಂದಾಯಿಸಿಕೊಂಡಿದೆಯೇ? ಇರಲಿಲ್ಲ. ಅಲ್ಲಿ 25,000 ದಾಟಿದ ಮುಖ್ಯ ಭಟ್ಟರು, ಮ್ಯಾನೇಜರ್ ಇದ್ದರು. ಅವರಿಬ್ಬರ ತೆರಿಗೆಯೂ ಮಹಾರಾಷ್ಟ್ರಕ್ಕೇ ಹೋಗುತ್ತಿತ್ತು. ಅಂದರೆ ಒಬ್ಬನ ತಪ್ಪು ಹುಡುಕಲು ಹೋಗಿ ಮೂವರದ್ದು ಸಿಕ್ಕಿತು. ಒಬ್ಬನದ್ದು ಕಡಿಯಲೇಬಾರದಿತ್ತು, ಇಬ್ಬರದ್ದು ಬೇರೆ ಖಜಾನೆ ಸೇರಬೇಕಿತ್ತು. ಮಹಾರಾಷ್ಟ್ರಕ್ಕೆ ಕೊಟ್ಟದ್ದನ್ನು ಕರ್ನಾಟಕಕ್ಕೆ ಕೊಟ್ಟಂತೆ ಎಂದು ಯಾವ ಇಲಾಖೆಯೂ ಒಪ್ಪುವುದಿಲ್ಲ. ರಾಜ್ಯ ರಾಜ್ಯಗಳ ನಡುವೆ ಈ ಹಣ ತಾನಾಗಿ ಹರಿಯುವ ದಾರಿ ಇಲ್ಲ. ಇಲ್ಲಿ ರಿಟರ್ನ್ ತಿದ್ದಿ ಹೆಚ್ಚಾದದ್ದನ್ನು ತೋರಿಸಬೇಕು, ಅಲ್ಲಿ ಹೊಸದಾಗಿ ಬಡ್ಡಿ ಸಮೇತ ಕಟ್ಟಬೇಕು. 2,500ರ ಮಿತಿ ಇರುವುದೂ ಒಂದೊಂದು ರಾಜ್ಯಕ್ಕೆ ಪ್ರತ್ಯೇಕವಾಗಿ.

ಧಣಿಗಳಿಗೆ ನಾನು ಹೇಳಿದ್ದು ಒಂದೇ: ಮೊದಲು ಹುಡುಗನ 1,900 ಅವನ ಖಾತೆಗೆ ಹಾಕಿ, ಮಝಗಾಂವಿನಲ್ಲಿರುವ ಮಹಾರಾಷ್ಟ್ರದ ತೆರಿಗೆ ಕಚೇರಿಯ ಜೊತೆ ಲೆಕ್ಕ ಆಮೇಲೆ ಮಾಡೋಣ. ಇಲಾಖೆಯಿಂದ ಹಣ ಬಂದ ಮೇಲೆ ಕೊಡುತ್ತೇವೆ ಎನ್ನುವ ಮಾಲೀಕರು ಬಹಳ. ನನಗೆ ಅದು ಸರಿಕಾಣುವುದಿಲ್ಲ. ಕಡಿದದ್ದು ಮಾಲೀಕನ ಕೈ. ಮರಳಿಸಬೇಕಾದದ್ದೂ ಅದೇ ಕೈ. ಇಲಾಖೆ ಒಂದು ವರ್ಷ ತಡ ಮಾಡಿದರೆ ಹೋಟೆಲು ತಾಳಿಕೊಳ್ಳುತ್ತದೆ, ಗಲ್ಲೆಯ ಹುಡುಗ ತಾಳುವುದಿಲ್ಲ. ಈ ಧಣಿ ಒಳ್ಳೆಯವರು, ಅವತ್ತೇ ಹಾಕಿದರು.

ಹೆಂಗಸರ ಪಗಾರ ಚೀಟಿಯಲ್ಲಿ ಇನ್ನೊಂದು ಬಗೆಯ ತಪ್ಪು ನೋಡುತ್ತೇನೆ. ಮಹಾರಾಷ್ಟ್ರದಲ್ಲಿ 2023ರ ಏಪ್ರಿಲಿನಿಂದ 25,000ದವರೆಗೆ ಪಗಾರದ ಮಹಿಳೆಯರಿಗೆ ವೃತ್ತಿ ತೆರಿಗೆ ಇಲ್ಲ. ಅದಕ್ಕೆ ಮೊದಲು ಆ ಮಿತಿ 10,000 ಇತ್ತು. ಬೇರೆ ರಾಜ್ಯದ ಮುಖ್ಯ ಕಚೇರಿಯಲ್ಲಿ ಕೂತು ಪಗಾರ ಮಾಡುವವರಿಗೆ ಈ ವಿನಾಯಿತಿಯ ಸುದ್ದಿ ತಲುಪಿರುವುದಿಲ್ಲ. 22,000 ಪಗಾರದ ಆಸ್ಪತ್ರೆಯ ಸ್ವಾಗತಕಾರಿಣಿ, ಅಂಗಡಿಯ ಬಿಲ್ಲಿಂಗ್ ಹುಡುಗಿ ತಿಂಗಳು ತಿಂಗಳು 200 ಕಳೆದುಕೊಳ್ಳುತ್ತಿರುತ್ತಾರೆ. ಅಂಗವೈಕಲ್ಯ ಇರುವವರಿಗೆ, 65 ದಾಟಿದವರಿಗೆ ಕೂಡ ಇಲ್ಲಿ ವಿನಾಯಿತಿ ಇದೆ. ಕೇಳಿದರೆ ಸಿಗುತ್ತದೆ, ಕೇಳುವ ಧೈರ್ಯ ಮಾತ್ರ ಬೇಕು. ಕೆಲಸ ಹೋದೀತು ಎಂಬ ಭಯದಲ್ಲಿ ಇನ್ನೂರು ರೂಪಾಯಿಗೆ ಯಾಕೆ ಬಾಯಿ ಬಿಡುವುದು ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ, ಅವರ ಪರವಾಗಿ ನಾನೇ ಒಂದು ಕಾಗದ ಬರೆದುಕೊಡುತ್ತೇನೆ.

2020ರ ಮಾರ್ಚಿನ ಲಾಕ್‌ಡೌನ್ ಈ ಗೊಂದಲವನ್ನು ಮನೆಯೊಳಗೆ ತಂದಿತು. ಬೆಂಗಳೂರಿನ ಕಂಪನಿಗಳಲ್ಲಿದ್ದ ಮುಲುಂಡಿನ ಮಕ್ಕಳು ತಂದೆತಾಯಿಯ ಮನೆಗೆ ಬಂದರು, ಮುಂಬಯಿ ಕಂಪನಿಯವರು ಕುಂದಾಪುರ, ಕಾರ್ಕಳದ ಮನೆಗಳಿಗೆ ಹೋದರು. ಕಾಯ್ದೆ ಬರೆದ 1975–76ರಲ್ಲಿ ಊಟದ ಮೇಜೇ ಕಚೇರಿಯಾದೀತು ಎಂದು ಯಾರೂ ಎಣಿಸಿರಲಿಕ್ಕಿಲ್ಲ. ಕೆಲವು ತಿಂಗಳ ಮಟ್ಟಿಗೆ ಮನೆಗೆ ಬಂದವನ ಕೆಲಸ ಇನ್ನೂ ಬೆಂಗಳೂರಿನ ಕಚೇರಿಗೇ ಅಂಟಿಕೊಂಡಿದೆ ಎಂದು ಕಂಪನಿಗಳು ಹಳೆಯ ರಾಜ್ಯಕ್ಕೇ ಕಡಿದವು. ಅದು ಒಪ್ಪುವ ಮಾತು. ಆದರೆ ಆ ಕೆಲವು ತಿಂಗಳು ಐದು ವರ್ಷವಾಗಿ, ಬೆಂಗಳೂರಿನ ಕುರ್ಚಿಯೇ ಇಲ್ಲವಾದ ಮೇಲೆ ಹಾಗೆ ಹೇಳುವುದು ಕಷ್ಟ. ನನ್ನ ಸಲಹೆ ಇಷ್ಟೇ: ಕೆಲಸದ ಸ್ಥಳ ಯಾವುದು ಎಂದು ಕಂಪನಿಯಿಂದ ಒಂದು ಪತ್ರ ಪಡೆದಿಟ್ಟುಕೊಳ್ಳಿ. ಮುಂದೆ ಯಾವ ರಾಜ್ಯದವರು ಕೇಳಿದರೂ ಉತ್ತರ ಕೊಡಬೇಕಾದವರು ಕಂಪನಿಯವರೇ ಆಗುತ್ತಾರೆ.

ಅಮೆರಿಕದಲ್ಲಿರುವ ನಮ್ಮವರಿಗೆ ಹೋಲಿಸಿದರೆ ಇಲ್ಲಿನ ತೊಡಕು ಚಿಕ್ಕದು. ಅಲ್ಲಿ ಹೆಚ್ಚಿನ ರಾಜ್ಯಗಳು ತಮ್ಮದೇ ಆದಾಯ ತೆರಿಗೆ ಹಾಕುತ್ತವೆ. ನ್ಯೂಜೆರ್ಸಿಯ ಮನೆಯಲ್ಲೇ ಕೂತು ನ್ಯೂಯಾರ್ಕಿನ ಕಂಪನಿಗೆ ಕೆಲಸ ಮಾಡುವವರಿಂದ, ಮನೆಯಿಂದ ದುಡಿಯುವುದು ನೌಕರನ ಅನುಕೂಲಕ್ಕೆ ಎಂದಾದರೆ, ನ್ಯೂಯಾರ್ಕ್ ತನ್ನ ತೆರಿಗೆ ಕೇಳುತ್ತದೆ. ಮನೆಯಲ್ಲಿ ಕೂತು ದುಡಿದವರಿಗೆ ಮ್ಯಾಸಚೂಸೆಟ್ಸ್ ತೆರಿಗೆ ಹಾಕಿತೆಂದು ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯವೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2021ರ ಜೂನಿನಲ್ಲಿ ಕೋರ್ಟು ಆ ದಾವೆಯನ್ನು ಕೈಗೆತ್ತಿಕೊಳ್ಳಲಿಲ್ಲ. ನಮ್ಮಲ್ಲಿ ಆದಾಯ ತೆರಿಗೆ ದೇಶಕ್ಕೆಲ್ಲ ಒಂದೇ.

ಹಾಗೆಂದು ಪಗಾರದಿಂದ ಮೊದಲೇ ಕಡಿಯುವ ಆದಾಯ ತೆರಿಗೆಗೆ, ಅಂದರೆ ಟಿಡಿಎಸ್‌ಗೆ, ರಾಜ್ಯದ ಗಡಿ ತಗಲುವುದೇ ಇಲ್ಲ ಎಂದಲ್ಲ. ಮನೆ ಬಾಡಿಗೆ ಭತ್ಯೆಯನ್ನೇ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಲೆಕ್ಕ ಹಾಕುವಾಗ 1962ರ ನಿಯಮಗಳು ಮುಂಬಯಿ, ದಿಲ್ಲಿ, ಕೋಲ್ಕತ್ತ, ಚೆನ್ನೈಗೆ ಮೂಲವೇತನದ ಶೇ 50, ಬೆಂಗಳೂರೂ ಸೇರಿದಂತೆ ಉಳಿದೆಲ್ಲ ಕಡೆ ಶೇ 40 ಎಂದು ಬರೆದವು. 2021ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ವರ್ಗವಾದ ಒಬ್ಬ ಬ್ಯಾಂಕ್ ಅಧಿಕಾರಿಯ ಮೂಲವೇತನ 40,000, ಬಾಡಿಗೆ ಭತ್ಯೆ 20,000, ಮುಲುಂಡ್ ಪೂರ್ವದಲ್ಲಿ ಅವರು ಕೊಡುತ್ತಿದ್ದ ಬಾಡಿಗೆ 26,000. ಪಗಾರದ ಕಡತದಲ್ಲಿ ಊರು ಇನ್ನೂ ಬೆಂಗಳೂರೇ. ಶೇ 40ರ ಲೆಕ್ಕದಲ್ಲಿ ತಿಂಗಳಿಗೆ 16,000 ವಿನಾಯಿತಿ, ಶೇ 50ರಲ್ಲಿ ಪೂರ್ತಿ 20,000. ತಿಂಗಳಿಗೆ 4,000, ವರ್ಷಕ್ಕೆ 48,000 ರೂಪಾಯಿಯ ಮೇಲೆ ಸುಮ್ಮನೆ ತೆರಿಗೆ. ಅವರು ಶೇ 20ರ ಹಂತದಲ್ಲಿದ್ದರು. ಸೆಸ್ ಸೇರಿ 9,984 ರೂಪಾಯಿ. ಅವರ ಹೆಂಡತಿ ಮಕ್ಕಳು ಉಡುಪಿಯಲ್ಲಿದ್ದರು. ಎರಡು ಮನೆ ನಡೆಸುತ್ತಿದ್ದ ಅವರಿಗೆ ಅದು ಸಣ್ಣ ಹಣವಲ್ಲ. ಕಚೇರಿ ವರ್ಷದೊಳಗೆ ತಿದ್ದಲಿಲ್ಲ. ಬಾಡಿಗೆ ಕರಾರು, ರಸೀದಿ, ಮನೆಯೊಡೆಯರ ಪ್ಯಾನ್ ಎಲ್ಲ ಇಟ್ಟುಕೊಂಡು ರಿಟರ್ನಿನಲ್ಲಿ ಕೇಳಿದರು, ಮರುಪಾವತಿ ಬಂತು.

ಇದಕ್ಕಿಂತ ನೋವಿನ ತಪ್ಪು ಕಡಿಮೆ ಕಡಿತದ್ದು. ಅದೇ ವರ್ಷ ಒಬ್ಬ ಹುಡುಗಿ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ ಕೆಲಸ ಬಿಟ್ಟು, ಮದುವೆಯಾಗಿ ಮುಲುಂಡಿಗೆ ಬಂದು ಅಕ್ಟೋಬರಿನಿಂದ ಠಾಣೆಯ ಕಂಪನಿ ಸೇರಿದಳು. ಎರಡೂ ಕಡೆ ತಿಂಗಳಿಗೆ 60,000. ಮೊದಲ ಕಂಪನಿ ವರ್ಷದ ಅಂದಾಜಿನ ಮೇಲೆ ಅರ್ಧ ವರ್ಷದ ಪಾಲು ಕಡಿದಿತ್ತು. ಎರಡನೆಯದು ಆರು ತಿಂಗಳ 3,60,000ವೇ ವರ್ಷದ ಆದಾಯ ಎಂದುಕೊಂಡು ಒಂದು ರೂಪಾಯಿಯನ್ನೂ ಕಡಿಯಲಿಲ್ಲ. ಕೈಗೆ ಹೆಚ್ಚು ಬರುತ್ತಿದೆ ಎಂದು ಮನೆಯಲ್ಲಿ ಸಂತೋಷ. ಜುಲೈಯಲ್ಲಿ ಎರಡು ಫಾರ್ಮ್ 16 ಪಕ್ಕಪಕ್ಕ ಇಟ್ಟಾಗ 24,180 ರೂಪಾಯಿ ತೆರಿಗೆ ಬಾಕಿ, ಮೇಲೆ ಬಡ್ಡಿ. ಹಿಂದಿನ ಕೆಲಸದ ವಿವರವನ್ನು ಫಾರ್ಮ್ 12ಬಿಯಲ್ಲಿ ಕೊಡಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದೇ ಸಂಸ್ಥೆಯ ಎರಡು ರಾಜ್ಯದ ಶಾಖೆಗಳಿಗೆ ತೆರಿಗೆ ಕಡಿಯುವವರ ಟ್ಯಾನ್ ಸಂಖ್ಯೆ ಬೇರೆ ಬೇರೆ ಇದ್ದರೂ ಹೀಗಾಗುತ್ತದೆ; ವರ್ಗವಾದವನನ್ನು ಹೊಸ ಶಾಖೆ ಹೊಸಬನಂತೆ ಕಾಣುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಅಂಕೆ ಬದಲಾಗಿದೆ, ಆದರೆ ಈ ಕೂಡಿಸುವ ಲೆಕ್ಕ ಬದಲಾಗುವಂಥದ್ದಲ್ಲ.

ಕಡಿದು ಸರ್ಕಾರಕ್ಕೆ ಕಟ್ಟದೇ ಇದ್ದರೆ? ಅಂಥ ಮಾಲೀಕರೂ ಇದ್ದಾರೆ. ಇಲ್ಲಿ ನೌಕರನ ಬೆನ್ನಿಗೆ ನ್ಯಾಯಾಲಯ ನಿಂತಿದೆ. 2007ರಲ್ಲಿ ಬಾಂಬೆ ಹೈಕೋರ್ಟು, ಪಗಾರದಿಂದ ಕಡಿದ ತೆರಿಗೆಯನ್ನು ಮಾಲೀಕ ಕಟ್ಟದಿದ್ದರೆ ಅದನ್ನು ಮತ್ತೆ ನೌಕರನಿಂದ ವಸೂಲು ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನ ಪ್ರಯೋಜನ ಸಿಗಬೇಕಾದರೆ ಕಡಿದದ್ದಕ್ಕೆ ಸಾಕ್ಷಿ ಬೇಕು. ಆದ್ದರಿಂದ ಪಗಾರ ಚೀಟಿ ಎಸೆಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪ್ಯಾನಿನ ತೆರಿಗೆ ವಿವರ ತೆರೆದು ಚೀಟಿಯ ಮೊತ್ತದೊಂದಿಗೆ ಹೋಲಿಸಿ. ಪ್ಯಾನಿನ ಒಂದು ಅಕ್ಷರ ತಪ್ಪಾಗಿದ್ದರೂ ನಿಮ್ಮ ಹಣ ಇನ್ನೊಬ್ಬರ ಖಾತೆಯಲ್ಲಿ ಕೂತಿರಬಹುದು. ಅದನ್ನು ತಿದ್ದಲು ಮಾಲೀಕರೇ ತಿದ್ದುಪಡಿ ವಿವರ ಸಲ್ಲಿಸಬೇಕು, ನೌಕರನಿಂದ ಆಗದು. ಜಗಳ ಬೇಡ, ಬರವಣಿಗೆಯಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

ಮುಂಬಯಿಯ ಗಡಿಯ ಮುಲುಂಡ್ ಚೆಕ್ ನಾಕಾದಲ್ಲಿ ಹಿಂದೆ ಲಾರಿಗಳು ಜಕಾತಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು. 2017ರ ಜುಲೈ ಒಂದರಂದು ಜಿಎಸ್‌ಟಿ ಬಂದು ಆ ಸಾಲು ಹೋಯಿತು. 2024ರ ಅಕ್ಟೋಬರಿನಲ್ಲಿ ಸಣ್ಣ ವಾಹನಗಳ ಟೋಲ್ ಕೂಡ ನಿಂತಿತು. ಸಾಮಾನಿಗೆ ದಾರಿ ಇಷ್ಟು ಸಲೀಸಾದ ಈ ಕಾಲದಲ್ಲಿ ಪಗಾರದಾರನ ಕಾಗದಗಳು ಮಾತ್ರ ಇನ್ನೂ ಗಡಿಯಲ್ಲಿ ಸಿಕ್ಕಿಕೊಳ್ಳುತ್ತಿವೆ. ಒಬ್ಬನ ವೃತ್ತಿ ತೆರಿಗೆ ತಪ್ಪು ರಾಜ್ಯಕ್ಕೆ ಹೋದರೆ ಆ ಎರಡು ರಾಜ್ಯಗಳೇ ತಮ್ಮೊಳಗೆ ಸರಿಮಾಡಿಕೊಳ್ಳುವ ಒಂದು ಏರ್ಪಾಡು ಬರಬೇಕು ಎಂಬುದು ನನ್ನ ಬಹುಕಾಲದ ಆಸೆ.

ಏಪ್ರಿಲಿನಲ್ಲಿ ಆ ಹುಡುಗ ಮುಲುಂಡಿಗೆ ಮರಳಿ ಬಂದ. ಇಲ್ಲಿನ ಗಲ್ಲೆಗೆ ಬೇರೆ ಜನ ಒಗ್ಗಿರಲಿಲ್ಲವಂತೆ. ಬಂದ ಎರಡನೆಯ ದಿನವೇ ನನ್ನ ಕೋಣೆಗೆ ಬಂದು ಕೂತ. ಬರದ ಕಥೆಯನ್ನೂ ಪಾಗೆಯವರ ಕಥೆಯನ್ನೂ ನಾನು ಫೋನಿನಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು.

“ಅಣ್ಣಾ, ಧಣಿಗಳಿಗೆ ಹೇಳಿದ್ದೇನೆ,” ಎಂದ. “ಒಂದನೇ ತಾರೀಕಿನಿಂದ ನಾನು ಇಲ್ಲಿ. ಈಗ ಇಲ್ಲಿಯದ್ದು ಕಟ್ ಮಾಡಲಿಕ್ಕೆ ಶುರು ಮಾಡಿ ಅಂತ.”